ಹಳೆಯ ಡಿಸ್ಕಿನ ಹನ್ನೊಂದು ದಿನ

ಹತ್ತೊಂಬತ್ತು ಸೆಕೆಂಡು. ಕಂಪ್ಯೂಟರಿನ ಗುಂಡಿ ಒತ್ತಿದಲ್ಲಿಂದ ಹಿಡಿದು, ಪರದೆಯ ಮೇಲೆ ಸೊಸೆಯ ಶಾಲೆಯ ಅಂಗಳದ ಚಿತ್ರ ಪೂರ್ತಿಯಾಗಿ ಮೂಡಿ ನಿಲ್ಲುವವರೆಗೆ, ಮುಂಗೈ ಗಡಿಯಾರದ ಸೆಕೆಂಡಿನ ಮುಳ್ಳು ಹತ್ತೊಂಬತ್ತು ಗೆರೆ ದಾಟಿತ್ತು. ಅವರು ಜೇಬಿನ ಪುಸ್ತಕ ತೆಗೆದರು. ತಿಂಗಳ ಹಿಂದೆ ತಾವೇ ಬರೆದಿಟ್ಟಿದ್ದ ‘ಹಳೆಯದು: ಒಂದು ನಿಮಿಷ ಐವತ್ತೆರಡು’ ಎಂಬ ಸಾಲಿನ ಕೆಳಗೆ ‘ಹೊಸದು: ಹತ್ತೊಂಬತ್ತು’ ಎಂದು ಬರೆದು, ಇಲಾಖೆಯಲ್ಲಿದ್ದಾಗಿನ ಅಭ್ಯಾಸದಂತೆ ಅದರ ಕೆಳಗೆ ಗೆರೆ ಎಳೆಯಲು ಹೋದರು. ಗೆರೆ ಅರ್ಧಕ್ಕೆ ನಿಂತಿತು. ನಿನ್ನೆ ಬೆಳಿಗ್ಗೆ ಸೊಸೆ ಇದೇ ಗುಂಡಿ ಒತ್ತಿ, ಎದ್ದು ಹೋಗಿ, ಹಗ್ಗದ ಮೇಲೆ ಬಟ್ಟೆ ಹರವಿ, ಕೈ ಒರೆಸಿಕೊಂಡು ಬಂದು ಕೂತಿದ್ದಳಲ್ಲ. ಅವಳು ಬಂದು ಕೂತ ಮೇಲೂ ಪೆಟ್ಟಿಗೆಯೊಳಗಿಂದ ಕರಕರ ಸದ್ದು ಬರುತ್ತಲೇ ಇತ್ತಲ್ಲ. ಆ ಸದ್ದನ್ನು ಅವರು ಕೇಳಿಸಿಕೊಂಡಿದ್ದರು. ಪೇಪರು ಮಡಚುತ್ತಾ, ಫ್ಯಾನಿಗೆ ಧೂಳು ಕೂತಿರಬೇಕು, ಭಾನುವಾರ ಒರೆಸಬೇಕು, ಎಂದುಕೊಂಡಿದ್ದರು. ಈಗ ಪೆಟ್ಟಿಗೆ ಸದ್ದೇ ಇಲ್ಲದೆ ಕೂತಿತ್ತು. ಹನ್ನೊಂದು ದಿನದ ಹಿಂದೆ ಹಾಕಿದ ಹೊಸ ಎಸ್‌ಎಸ್‌ಡಿ ಡಿಸ್ಕಿನ ಒಳಗೆ ತಿರುಗುವುದು ಏನೂ ಇರುವುದಿಲ್ಲ, ಹಾಗಾಗಿ ಸದ್ದೂ ಇರುವುದಿಲ್ಲ ಎಂದು ಕಂಪ್ಯೂಟರ್ ಪುಸ್ತಕದಲ್ಲಿ ಓದಿ ಮಗನಿಗೂ ಸೊಸೆಗೂ ಊಟದ ಮೇಜಿನ ಮುಂದೆ ಪಾಠ ಮಾಡಿದವರು ಅವರೇ.

ಸೊಸೆಗೆ ಕಡತಗಳನ್ನು ಒಪ್ಪವಾಗಿ ಇಡುವ ಅಭ್ಯಾಸವಿಲ್ಲ. ಒಣಗಲು ಹಾಕಿದ ಬಟ್ಟೆಯ ಹಾಗೆ ಎಲ್ಲವನ್ನೂ ಪರದೆಯ ಮೇಲೆಯೇ ಹರವಿರುತ್ತಾಳೆ. ಪಾಠ ಒಂದು, ಪಾಠ ಎರಡು, ಮೂರು, ನಾಲ್ಕು, ಐದು, ಆರು. ಆಮೇಲೆ ಅಂಗಳದ ಚಿತ್ರದ ಬರಿಯ ಮಣ್ಣು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಏಳು ಇರಲಿಲ್ಲ. ಒಂಬತ್ತನೆಯದು, ‘ತಕ್ಕಡಿ’ ಎಂದು ಹೆಸರಿದ್ದದ್ದು, ಇರಲಿಲ್ಲ. ಅದು ಇದ್ದದ್ದು ಅವರಿಗೆ ಖಂಡಿತ ಗೊತ್ತು. ಕಳೆದ ಭಾನುವಾರ ಇದೇ ಕುರ್ಚಿಯ ಪಕ್ಕದಲ್ಲಿ ನಿಂತು ಅದನ್ನು ಹೇಳಿ ಬರೆಸಿದವರು ಅವರು.

ಸೊಸೆ ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ವಿಜ್ಞಾನದ ಟೀಚರು. ಮೂರನೇ ತರಗತಿಯ ವಿಜ್ಞಾನದ ಪುಸ್ತಕವನ್ನು ಬ್ರೈಲಿಗೆ ಸಿದ್ಧ ಮಾಡುವ ಕೆಲಸ ಈ ವರ್ಷ ಅವಳ ಪಾಲಿಗೆ ಬಂದಿತ್ತು. ಅಕ್ಷರವನ್ನು ಚುಕ್ಕಿಯಾಗಿಸುವುದನ್ನು ಮುದ್ರಣಾಲಯದ ಯಂತ್ರ ನೋಡಿಕೊಳ್ಳುತ್ತದೆ. ಚಿತ್ರಗಳನ್ನು ಮಾತಾಗಿಸುವುದನ್ನು ಯಾವ ಯಂತ್ರವೂ ಮಾಡುವುದಿಲ್ಲ. ಮೋಡ ಹೇಗಿರುತ್ತದೆ, ನೆರಳು ಎಂದರೇನು, ಮೀನಿನ ಕಿವಿರು ಎಲ್ಲಿರುತ್ತದೆ, ಇವನ್ನೆಲ್ಲ ಬೆರಳಿಗೆ ತಿಳಿಯುವ ಹಾಗೆ ಬರೆಯಬೇಕು. ಅವಳು ಒಂದೊಂದು ಚಿತ್ರಕ್ಕೂ ಕಣ್ಣು ಮುಚ್ಚಿ ಕೂರುತ್ತಿದ್ದಳು. “ಮಾವ, ನೀವು ಜೀವಮಾನವೆಲ್ಲ ತಕ್ಕಡಿ ಜೊತೆ ಸಂಸಾರ ಮಾಡಿದವರು. ಅದನ್ನ ನೋಡದೇ ಇರೋ ಮಗೂಗೆ ಹೇಗೆ ಹೇಳ್ತೀರಿ, ಹೇಳಿ ನೋಡೋಣ,” ಎಂದಿದ್ದಳು. ನಿವೃತ್ತಿಯಾದ ಹನ್ನೆರಡು ವರ್ಷದಲ್ಲಿ ಅವರ ಕೆಲಸದ ಬಗ್ಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಹನ್ನೆರಡು ಪಾಠಗಳು ಸೋಮವಾರ ಬೆಳಿಗ್ಗೆ ಮುದ್ರಣಾಲಯಕ್ಕೆ ಹೋಗಬೇಕು. ಇವತ್ತು ಶುಕ್ರವಾರ. ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಅವಳು ಬರುವುದು ನಾಲ್ಕೂವರೆಗೆ.

ಚೀಲದಲ್ಲಿದ್ದ ಹಳೆಯ ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟರು. ಕೈಗೆ ಭಾರವಾಗಿತ್ತು. ಬೆಳಿಗ್ಗೆ ಒಳಗಿದ್ದದ್ದನ್ನು ಅಳಿಸಿಸಲೆಂದು ಅಂಗಡಿಗೆ ಹೊತ್ತುಕೊಂಡು ಹೋದಾಗಲೂ ಇಷ್ಟೇ ಭಾರವಿತ್ತು. ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದ ಕೈ ಅದು, ಅಂಗೈಯಲ್ಲಿ ಇಟ್ಟರೆ ಹತ್ತು ಗ್ರಾಮಿನ ವ್ಯತ್ಯಾಸವನ್ನೂ ಹೇಳಬಲ್ಲದು. ಒಳಗಿದ್ದದ್ದೆಲ್ಲ ಅಳಿಸಿ ಹೋದ ಮೇಲೂ ಒಂದು ವಸ್ತು ಮೊದಲಿನಷ್ಟೇ ತೂಗುವುದು ಅವರಿಗೆ ಯಾಕೋ ಮೋಸದ ಹಾಗೆ ಕಂಡಿತು.

ಅಂಗಡಿಯಾಕೆ ಕೇಳಿದ್ದಳು. ಕಂಪ್ಯೂಟರ್ ರಿಪೇರಿಯ ಆ ಅಂಗಡಿ ಬಸ್ ನಿಲ್ದಾಣದ ಹಿಂದೆ, ಮೆಟ್ಟಿಲ ಕೆಳಗಿನ ಒಂದು ಗೂಡು. ಆಕೆ ಹಲ್ಲಿನಲ್ಲಿ ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಾಳೆ. “ಎಲ್ಲ ಕಾಪಿ ಆಗಿದೆಯಾ ಸಾರ್?” ಎಂದಳು. ಆಗಿದೆ ಎಂದರು. “ಹಳೇದನ್ನ ಬಿಚ್ಚಿಟ್ಟು, ಹೊಸದೊಂದರಲ್ಲೇ ಓಡಿಸಿ ನೋಡಿದ್ರಾ?” ಹನ್ನೊಂದು ದಿನದಿಂದ ಹೊಸದರಲ್ಲೇ ಓಡುತ್ತಿದೆ ಎಂದರು, ಸ್ವಲ್ಪ ಬಿಗಿಯಾಗಿಯೇ. ಆಕೆ ಬಾಯಿಂದ ಸ್ಕ್ರೂ ತೆಗೆದು ತಟ್ಟೆಗೆ ಹಾಕಿ, “ಹಾಗಲ್ಲ ಸಾರ್, ಬೇಜಾರು ಮಾಡ್ಕೋಬೇಡಿ. ಒಂದ್ನಿಮಿಷ ಹಾಕಿ ನೋಡೋಣ್ವಾ, ಕೊನೇ ಫೈಲು ಯಾವ ತಾರೀಕಿಂದು ಅಂತ?” ಎಂದಿದ್ದಳು. ಆಗ ಅವರು ಹೇಳಿದ ಮಾತು ಈಗ ಕಿವಿಯಲ್ಲಿ ಗುಂಯ್‌ಗುಟ್ಟಿತು. “ಬೇಡಮ್ಮ. ಅದು ಸೊಸೆಯ ಕೆಲಸ. ಅವಳಿಲ್ಲದಾಗ ತೆಗೆದು ನೋಡೋದು ಸರಿಯಲ್ಲ.” ಆಕೆ ತಲೆದೂಗಿದ್ದಳು, ಮೆಚ್ಚಿಕೊಂಡ ಹಾಗೆ. ಮೇಲುಮೇಲೆ ಒರೆಸಬೇಕೋ ಪೂರ್ತಿ ತೊಳೆಯಬೇಕೋ, ಪೂರ್ತಿ ಅಂದರೆ ಮೂರು ಗಂಟೆ ಆಗುತ್ತೆ, ಎಂದಾಗಲೂ ಅವರು ಯೋಚಿಸಲಿಲ್ಲ. ಶಾಲೆಗೆ ಕೊಡುವ ಡಿಸ್ಕು, ಪಾಠದ ಧ್ವನಿ ತುಂಬಿಸಿಡಲು ಬೇಕಂತೆ. ಕೊಡುವುದಾದರೆ ಚೊಕ್ಕಟವಾಗಿ ಕೊಡಬೇಕು. “ಪೂರ್ತಿ,” ಎಂದು ಮೂರು ಗಂಟೆ ಸ್ಟೂಲಿನ ಮೇಲೆ ಕೂತಿದ್ದರು. ಆಕೆ ಎರಡು ಸಲ ಚಹಾ ಕೊಟ್ಟಿದ್ದಳು. ಗೋಡೆಯ ಫ್ಯಾನನ್ನು ಕೇಳದೆಯೇ ಅವರ ಕಡೆಗೆ ತಿರುಗಿಸಿದ್ದಳು.

ಇನ್ನೂ ಏನಾದರೂ ಉಳಿದಿರಬಹುದು. ಅವರು ಕಂಪ್ಯೂಟರನ್ನು ಆರಿಸಿ, ಪೆಟ್ಟಿಗೆಯ ಪಕ್ಕದ ಹಲಗೆ ಬಿಚ್ಚಿ, ಹಳೆಯ ಡಿಸ್ಕನ್ನು ಅದರ ಗೂಡಿಗೇ ಕೂರಿಸಿ, ಎರಡು ತಂತಿ ಸಿಕ್ಕಿಸಿ ಗುಂಡಿ ಒತ್ತಿದರು. ಕಪ್ಪು ಪರದೆ. ಅದರ ಮೇಲೆ ಬಿಳಿಯ ಒಂದು ಸಾಲು, ಏಳಲು ಬೇಕಾದದ್ದು ಏನೂ ಸಿಗುತ್ತಿಲ್ಲ ಎಂದು. ತಂತಿ ಸಡಿಲವಿರಬಹುದೆಂದು ಬದಲಿಸಿದರು. ಪಕ್ಕದ ಕಿಂಡಿಗೆ ಸಿಕ್ಕಿಸಿದರು. ಅದೇ ಸಾಲು. ಆಮೇಲೆ ಪುಸ್ತಕದಲ್ಲಿ ಹೇಳಿದ್ದು ನೆನಪಾಗಿ, ಗುಂಡಿ ಒತ್ತಿದ ಕೂಡಲೇ ಮೂಲೆಯ ಕೀಲಿಯನ್ನು ಟಪಟಪ ಬಡಿದು, ಯಂತ್ರ ಏಳುವ ಮೊದಲು ತನ್ನ ಒಳಗುಟ್ಟು ತೋರಿಸುವ ನೀಲಿ ಪುಟಕ್ಕೆ ಹೋದರು. ಯಾವ ಡಿಸ್ಕಿನಿಂದ ಏಳಬೇಕು ಎಂಬ ಸರದಿ ಅಲ್ಲಿತ್ತು. ಒಂದು, ಹಳೆಯದರ ಹೆಸರು. ಎರಡು, ಹೊಸದರ ಹೆಸರು. ಮೊದಲನೆಯದು ಖಾಲಿಯಿದ್ದರೆ ಎರಡನೆಯದನ್ನು ಕೇಳುವ ಬುದ್ಧಿ ಆ ಹಳೆಯ ಪೆಟ್ಟಿಗೆಗೆ ಇರಲಿಲ್ಲ. ಅವರು ಬೆರಳಿಟ್ಟು ಓದಿದರು. ಮತ್ತೆ ಓದಿದರು. ಹನ್ನೊಂದು ದಿನದಿಂದ ಸರದಿ ಹಾಗೆಯೇ ಇತ್ತು. ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ನಕಲು ಮಾಡಿದ್ದು ನಿಜ. ಅದು ಚೆನ್ನಾಗಿಯೇ ಆಗಿತ್ತು. ಆದರೆ ಯಂತ್ರಕ್ಕೆ ಹೊಸದರಿಂದ ಏಳು ಎಂದು ಯಾರೂ ಹೇಳಿರಲಿಲ್ಲ. ಅದು ದಿನವೂ ವಿಧೇಯವಾಗಿ ಹಳೆಯದರಿಂದಲೇ ಎದ್ದು, ಸೊಸೆ ಬರೆದದ್ದನ್ನೆಲ್ಲ ಹಳೆಯದಕ್ಕೇ ತುಂಬಿಕೊಂಡಿತ್ತು. ಹೊಸದು ಪಕ್ಕದಲ್ಲಿ ಸುಮ್ಮನೆ ಕೂತಿತ್ತು, ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ. ಒಂದರ ನಕಲು ಇನ್ನೊಂದಾದ್ದರಿಂದ ಯಂತ್ರ ಒಂದನ್ನು ಮರೆಮಾಡಿ, ಪರದೆಯ ಪಟ್ಟಿಯಲ್ಲಿ ಒಂದೇ ಡಿಸ್ಕು ಕಾಣುತ್ತಿದ್ದಾಗ ಅವರು ಹೊಸದು ಅಧಿಕಾರ ವಹಿಸಿಕೊಂಡಿತು, ಹಳೆಯದು ಹಿಂದೆ ಸರಿಯಿತು ಎಂದು ಲೆಕ್ಕ ಹಾಕಿದ್ದರು. ಎರಡೂ ಒಂದೇ ಅಳತೆಯವು, ಪಟ್ಟಿ ನೋಡಿ ಯಾವುದೆಂದು ಹೇಳುವಂತಿರಲಿಲ್ಲ. ಅಳತೆಗೆ ಅಳತೆ ಇರಲಿ ಎಂದು ಹಟ ಹಿಡಿದು ತಂದವರೂ ಅವರೇ.

ಹಳೆಯದನ್ನು ಹತ್ತು ದಿನ ಒಳಗೇ ಬಿಟ್ಟದ್ದು ಅವರ ಸ್ವಂತ ನಿಯಮ. ಇಲಾಖೆಯಲ್ಲಿದ್ದಾಗ ರಿಪೇರಿಯಾದ ತಕ್ಕಡಿಗೆ ಅವರು ಕೂಡಲೇ ಮುದ್ರೆ ಒತ್ತುತ್ತಿರಲಿಲ್ಲ. ಹತ್ತು ದಿನ ದುಡಿಸು, ಆಮೇಲೆ ತಾ, ಎನ್ನುತ್ತಿದ್ದರು. ಜೊತೆಯವರು ಅವರಿಗೆ ‘ಹತ್ತು ದಿನ’ ಎಂದೇ ಅಡ್ಡಹೆಸರಿಟ್ಟಿದ್ದರು. “ಹತ್ತು ದಿನ ಬಂದರು, ಹತ್ತು ದಿನ ರಜೆ ಹಾಕಿದ್ದಾರೆ” ಎಂದು ನಗುತ್ತಿದ್ದರು. ಬೆಳಿಗ್ಗೆ ಹಳೆಯದನ್ನು ಬಿಚ್ಚಿ, ಹಲಗೆ ಮುಚ್ಚಿ, ಒಂದೇ ಒಂದು ಸಲ ಗುಂಡಿ ಒತ್ತಿದ್ದರೆ. ಹತ್ತೂಕಾಲು ಗಂಟೆಯ ಬಸ್ಸಿಗೆ ಹೊತ್ತಾಗಿತ್ತು.

ಆದರೆ ಅದಲ್ಲ. ನಿಜವಾದ ಜಾಗ ಅದಲ್ಲ ಎಂದು ಅವರಿಗೆ ಗೊತ್ತಿತ್ತು. ನೀಲಿ ಪುಟದ ಮುಂದೆ ಕೂತಿದ್ದಾಗಲೇ ಮನಸ್ಸು ಹನ್ನೊಂದು ದಿನ ಹಿಂದಿನ ಒಂದು ಸಂಜೆಯ ಸುತ್ತ ಸುಳಿಯುತ್ತಿತ್ತು, ನೋಯುವ ಹಲ್ಲಿನ ಸುತ್ತ ನಾಲಿಗೆ ಸುಳಿಯುವ ಹಾಗೆ. ಆ ಸಂಜೆ ಅವರು ಹಲಗೆಯ ಕೊನೆಯ ಸ್ಕ್ರೂ ಬಿಗಿದು, ಗಡಿಯಾರವನ್ನು ಮುಂಗೈಯಿಂದ ಬಿಚ್ಚಿ ಅಂಗೈಯಲ್ಲಿ ಹಿಡಿದು ನಿಂತಿದ್ದರು. ಮಗ ಬಾಗಿಲ ಚೌಕಟ್ಟಿಗೆ ಒರಗಿ ಬೂಟು ಕಟ್ಟಿಕೊಳ್ಳುತ್ತಿದ್ದ. ನೀರು ಶುದ್ಧಿ ಮಾಡುವ ಘಟಕದಲ್ಲಿ ಅವನಿಗೆ ಸಂಜೆಯ ಪಾಳಿ. “ಅಪ್ಪ, ನಿಮ್ಮ ಕೈಲಿ ಸ್ಕ್ರೂಡ್ರೈವರ್ ನೋಡಿದ್ರೆ ಮನೇಲಿರೋ ಯಂತ್ರಗಳೆಲ್ಲ ದೇವರ ಜಪ ಶುರು ಮಾಡ್ತಾವೆ,” ಎಂದ. ಹಿಂದೆ ಒಮ್ಮೆ ಅವರು ಬಟ್ಟೆ ಒಗೆಯುವ ಯಂತ್ರ ಬಿಚ್ಚಿ ಜೋಡಿಸಿದ ಮೇಲೆ ಮೂರು ಸ್ಕ್ರೂ ಉಳಿದಿದ್ದವು. ಅದನ್ನೊಂದು ಸಣ್ಣ ಡಬ್ಬಿಯಲ್ಲಿ ಹಾಕಿ ಮಗ ಶೋಕೇಸಿನಲ್ಲಿಟ್ಟಿದ್ದ. ಅವನದು ಕೆಟ್ಟ ಮನಸ್ಸಲ್ಲ, ನಾಲಿಗೆ ಮಾತ್ರ ಸ್ವಲ್ಪ ಚೂಪು. ಅಷ್ಟರಲ್ಲಿ ಸೊಸೆ ಬಂದು ಗುಂಡಿ ಒತ್ತಿ ಕೂತಳು. ಅವರು ಮುಳ್ಳು ನೋಡತೊಡಗಿದರು. ಐದು, ಹತ್ತು, ಹದಿನೈದು. ಮಗ ಚೌಕಟ್ಟಿನಲ್ಲೇ ಇದ್ದ, ತುಟಿಯ ಕೊನೆಯಲ್ಲಿ ನಗು ಸಿದ್ಧವಿತ್ತು. ಆಗ ಸೊಸೆ ಕುರ್ಚಿ ತಿರುಗಿಸಿ, “ಅಯ್ಯೋ ಮಾವ, ಆಗಲೇ ಬಂದುಬಿಡ್ತು! ಕಣ್ಣು ಮಿಟುಕಿಸೋದ್ರೊಳಗೆ!” ಎಂದಿದ್ದಳು. ಅವಳ ಬೆನ್ನು ಪರದೆಗೆ ಅಡ್ಡವಾಗಿತ್ತು. ಅವರ ಅಂಗೈಯಲ್ಲಿ ಮುಳ್ಳು ಓಡುತ್ತಲೇ ಇತ್ತು. ಅವಳು ಅಷ್ಟು ಹೇಳಿದ ಮೇಲೆ ಬಗ್ಗಿ ಪರದೆ ನೋಡುವುದು, ಸೆಕೆಂಡು ಎಣಿಸುವುದು, ಅವಳ ಮಾತನ್ನು ಅನುಮಾನಿಸಿದ ಹಾಗೆ. ಅವರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡರು. ಯಾವ ಅಂಗಡಿಯವನ ಯಾವ ಆಣೆಯನ್ನೂ ನಂಬದೆ ತೂಕದ ಬಟ್ಟು ಇಟ್ಟು ತೂಗಿಯೇ ನೋಡಿದವರು, ಅವತ್ತು ತೂಗಲಿಲ್ಲ. ಮಗ, “ಪರವಾಗಿಲ್ವೇ!” ಎಂದು ಹೋದ. ಆ ರಾತ್ರಿ ಅವರಿಗೆ ಒಳ್ಳೆಯ ನಿದ್ದೆ ಬಂದಿತ್ತು.

ಹಾಗಾದರೆ ಅದು ಸುಳ್ಳು. ಹನ್ನೊಂದು ದಿನವೂ ಸುಳ್ಳು. “ಮಾವ ಹಾಕಿಕೊಟ್ಟಿದ್ದು, ಎಷ್ಟು ಚುರುಕಾಗಿದೆ ಗೊತ್ತಾ” ಎಂದು ಮೊನ್ನೆ ಫೋನಿನಲ್ಲಿ ತನ್ನ ಅಕ್ಕನಿಗೂ ಹೇಳುತ್ತಿದ್ದಳು. ಒಂದು ನಿಮಿಷ ಐವತ್ತೆರಡು ಸೆಕೆಂಡು ಅವಳು ಸುಮ್ಮನೆ ಕಾಯುತ್ತಿದ್ದಳು, ಬಟ್ಟೆ ಹರವುತ್ತಿದ್ದಳು, ಬಂದು ಚುರುಕಾಗಿದೆ ಎನ್ನುತ್ತಿದ್ದಳು. ಮಕ್ಕಳು ಮಣ್ಣಿನಲ್ಲಿ ಮಾಡಿ ಕೊಟ್ಟ ಅಡುಗೆಯನ್ನು ದೊಡ್ಡವರು ಬಾಯಿ ಚಪ್ಪರಿಸಿ ತಿಂದಂತೆ ಮಾಡುತ್ತಾರಲ್ಲ. ಅವರ ಕಿವಿ ಬಿಸಿಯಾಯಿತು. ಕೋಪವೇ ಎಂದು ನೋಡಿಕೊಂಡರು. ಕೋಪವಾಗಿರಲಿಲ್ಲ. ಬೆಳಕಿನಲ್ಲಿ ಯಾರೋ ತಮ್ಮ ಅಂಗಿಯ ಹರಿದ ಬಗಲನ್ನು ಹನ್ನೊಂದು ದಿನದಿಂದ ನೋಡಿ ಸುಮ್ಮನಿದ್ದರು ಎಂದು ಈಗ ಗೊತ್ತಾದ ಹಾಗೆ ಇತ್ತು.

ಅಂಗಡಿಗೆ ಫೋನು ಮಾಡಿದರು. ಹೇಳುವಾಗ ಮಾತು ಎರಡು ಸಲ ತಡವರಿಸಿತು. ಆಕೆ ಪೂರ್ತಿ ಕೇಳಿಸಿಕೊಂಡಳು, ನಡುವೆ ಬಾಯಿ ಹಾಕಲಿಲ್ಲ. ನಾನು ಹೇಳಿರಲಿಲ್ವಾ ಎನ್ನಲಿಲ್ಲ. “ಮೇಲುಮೇಲೆ ಒರೆಸಿದ್ರೆ ಏನಾದ್ರೂ ಮಾಡಿ ತೆಗೀಬಹುದಿತ್ತು ಸಾರ್. ನಾವು ಪೂರ್ತಿ ತೊಳೆದುಬಿಟ್ಟಿದ್ದೀವಿ. ಇನ್ನು ಸಿಗಲ್ಲ,” ಎಂದಳು. ಆಮೇಲೆ, “ನೀರು ಕುಡೀರಿ ಸಾರ್ ಮೊದಲು,” ಎಂದಳು. ಫೋನಿಟ್ಟ ಮೇಲೆ, ‘ನೀವು’ ಎನ್ನಬೇಕಾದ ಕಡೆ ಆಕೆ ‘ನಾವು’ ಎಂದದ್ದು ಅವರಿಗೆ ಹೊಳೆಯಿತು. ಅಡುಗೆಮನೆಗೆ ಹೋಗಿ ನೀರು ಕುಡಿದರು.

ನೀರಿನ ಲೋಟ ಕೈಯಲ್ಲಿರುವಾಗಲೇ ಕಾಳು ಮಾರುವ ಮುದುಕಿ ನೆನಪಿಗೆ ಬಂದಳು. ಮೂವತ್ತು ವರ್ಷದ ಹಿಂದಿನ ಮಾರುಕಟ್ಟೆ, ಗೋಣಿಚೀಲದ ನೆರಳು, ಅವಳ ಮುಂದೆ ಕಬ್ಬಿಣದ ಒಂದು ಕಿಲೋ ಬಟ್ಟು. ಅವರು ಇಲಾಖೆಯ ಪ್ರಮಾಣದ ಬಟ್ಟಿನ ಎದುರು ಇಟ್ಟು ತೂಗಿದರೆ ಅವಳದು ಹದಿನೇಳು ಗ್ರಾಮು ಹೆಚ್ಚು. ಮೋಸ ಮಾಡುವವರ ಬಟ್ಟು ಕಡಿಮೆ ಇರುತ್ತದೆ. ಹೆಚ್ಚಿದ್ದದ್ದನ್ನು ಅವರು ಕಂಡದ್ದು ಅದೇ ಮೊದಲು. ತಿರುಗಿಸಿ ನೋಡಿದರೆ ತಳದ ಕುಳಿಯಲ್ಲಿ ಅವಳೇ ಕಾಸಿ ತುಂಬಿದ ಸೀಸ. “ಕಣ್ಣು ಮಂಜು ಕಣಪ್ಪ. ತಕ್ಕಡಿ ಮುಳ್ಳು ಸರಿಯಾಗಿ ಕಾಣಲ್ಲ. ಎಲ್ಲಿ ಯಾರಿಗಾದರೂ ಕಮ್ಮಿ ಆಗಿಬಿಡುತ್ತೋ ಅಂತ ಮೊದಲೇ ಒಂಚೂರು ಸೇರಿಸಿಟ್ಟಿದ್ದೀನಿ,” ಎಂದಳು. ಅವರಿಗೆ ಆಗ ನಲವತ್ತು ವರ್ಷ. “ಹೆಚ್ಚು ತೂಗಿದರೂ ತಪ್ಪೇ ಅಜ್ಜಿ,” ಎಂದು ಬಟ್ಟಿನ ನೆತ್ತಿಯ ಮೇಲೆ ಉಳಿಯಿಂದ ಅಡ್ಡಗೀಟು ಕೊರೆದು, ಬಳಸಬಾರದೆಂದು ಬರೆದುಕೊಂಡಿದ್ದರು. ಅವಳು ಬೇಡಿಕೊಳ್ಳಲಿಲ್ಲ. “ನಿನ್ನ ಕೆಲಸ ನೀನು ಮಾಡಪ್ಪ. ನಿಂತೇ ಬರೀತಿದ್ದೀಯಲ್ಲ, ಕೂತ್ಕೋ,” ಎಂದು ತಾನು ಕೂತಿದ್ದ ಮಣೆಯನ್ನು ಅವರತ್ತ ತಳ್ಳಿದ್ದಳು. ಆ ಅಡ್ಡಗೀಟು ಕೊರೆಯುವ ಸದ್ದು ಅವರಿಗೆ ಎಷ್ಟೋ ಸಲ ಕೇಳಿಸಿದ್ದುಂಟು. ತಪ್ಪೇನೂ ಮಾಡಿರಲಿಲ್ಲ. ಈಗ ಕೇಳಿದರೂ ಅದೇ ಹೇಳುತ್ತಿದ್ದರು, ಹೆಚ್ಚು ತೂಗಿದರೂ ತಪ್ಪೇ ಎಂದು. ಆದರೆ ಅವತ್ತು ಆ ಮಣೆಯ ಮೇಲೆ ಅವರು ಕೂತಿರಲಿಲ್ಲ. ಕೂರಬಹುದಿತ್ತು.

ಮನೆಯಲ್ಲೂ ಹಾಗೆಯೇ. ಹೆಂಡತಿ ಇರುವಷ್ಟು ದಿನವೂ ಬಡಿಸುತ್ತಾ, “ಉಪ್ಪು ಸರಿ ಇದೆಯಾ?” ಎಂದು ಕೇಳುತ್ತಿದ್ದಳು. ಅವರು ನಾಲಿಗೆಯ ಮೇಲೆ ಇಟ್ಟು ಯೋಚಿಸಿ, “ಒಂಚೂರು ಕಡಿಮೆ” ಎನ್ನುತ್ತಿದ್ದರು. ಕಡಿಮೆ ಇದ್ದರೆ ಮಾತ್ರ. ಸರಿಯಿದ್ದ ದಿನ ತಲೆ ಆಡಿಸುತ್ತಿದ್ದರು. “ನಿಮ್ಮ ನಾಲಿಗೆಗೂ ಇಲಾಖೆಯವರು ಮುದ್ರೆ ಒತ್ತಿ ಕಳಿಸಿದ್ದಾರೆ,” ಎಂದು ಅವಳು ನಗುತ್ತಿದ್ದಳು. ಅವಳ ನಗುವಿನಲ್ಲಿ ಏನಾದರೂ ಕಡಿಮೆ ಇತ್ತೇ ಎಂದು ಅವರು ಯಾವತ್ತೂ ತೂಗಿ ನೋಡಲಿಲ್ಲ. ಹತ್ತು ವರ್ಷವಾಯಿತು ಅವಳು ಹೋಗಿ.

ಮೂರೂ ನಲವತ್ತು. ಅವರು ನೀಲಿ ಪುಟದಲ್ಲಿ ಸರದಿ ಬದಲಿಸಿ, ಹಳೆಯ ಡಿಸ್ಕನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಹಲಗೆ ಮುಚ್ಚಿದರು. ಈಗ ಯಂತ್ರ ಸರಿಯಾಗಿತ್ತು, ಆರು ಪಾಠ ಮಾತ್ರ ಉಳಿದಿರಲಿಲ್ಲ. ಇನ್ನು ಅವಳಿಗೆ ಏನು ಹೇಳುವುದು? ಹೊಸ ಡಿಸ್ಕು ಕೈಕೊಟ್ಟಿತು ಎನ್ನಬಹುದು. ಅವಳು ನಂಬುತ್ತಾಳೆ. ಹೊಸ ಸಾಮಾನುಗಳು ಈಗ ಹೀಗೇ ಮಾವ, ಎಂದು ಅವರನ್ನೇ ಸಮಾಧಾನ ಮಾಡುತ್ತಾಳೆ. ಎಪ್ಪತ್ತು ವರ್ಷದಲ್ಲಿ ಹೇಳಿದ ಮೊದಲ ಸುಳ್ಳು ಅದಾಗುತ್ತದೆ, ಅದೂ ಅವಳು ಮರುಕದಿಂದ ಹೇಳಿದ ಸುಳ್ಳಿಗೆ ಜೋಡಿಯಾಗಿ. ನಿಜವನ್ನೇ ಹೇಳಿದರೆ? ಯಂತ್ರ ಹನ್ನೊಂದು ದಿನವೂ ಹಳೆಯದರಿಂದಲೇ ಏಳುತ್ತಿತ್ತು ಎಂದ ಮರುಕ್ಷಣವೇ ಅವಳಿಗೆ ಗೊತ್ತಾಗುತ್ತದೆ, ತನ್ನ ಒಂದು ಮಾತು ತನ್ನ ಆರು ಪಾಠಗಳನ್ನು ತಿಂದಿತು ಎಂದು. ಪಾಠ ಕಳೆದದ್ದಕ್ಕಿಂತ ಅದು ಹೆಚ್ಚು ಚುಚ್ಚುತ್ತದೆ ಅವಳಿಗೆ. ಅವರು ಎರಡನ್ನೂ ಎರಡು ತಟ್ಟೆಗೆ ಹಾಕಿ ನೋಡಿದರು. ಮುಳ್ಳು ನಿಲ್ಲುತ್ತಿರಲಿಲ್ಲ. ತಪ್ಪಿನಿಂದ ನಾನೇ ಅಳಿಸಿದೆ ಎನ್ನುವುದು, ಅಷ್ಟಕ್ಕೇ ನಿಲ್ಲಿಸುವುದು, ಎಂದು ಕೊನೆಗೆ ನಿರ್ಧರಿಸಿದರು. ಅದು ಸುಳ್ಳಲ್ಲ. ಪೂರ್ತಿ ತೂಕವೂ ಅಲ್ಲ.

ಗೇಟಿನ ಸದ್ದು. ಚಪ್ಪಲಿ ಬಿಡುವ ಸದ್ದು. “ಮಾವ, ಊಟ ಮಾಡಿದ್ರಾ? ಪಾತ್ರೆ ಮುಚ್ಚಿದ ಹಾಗೇ ಇದೆ!” ಎನ್ನುತ್ತಾ ಸೊಸೆ ಒಳಗೆ ಬಂದಳು. ಅವರು ಎದ್ದು ನಿಂತರು. ಅಂಗಡಿಗಳಿಗೆ ಅವರು ಹೋದಾಗ ಅಂಗಡಿಯವರು ಎದ್ದು ನಿಲ್ಲುತ್ತಿದ್ದ ಹಾಗೆ.

“ಒಂದು ತಪ್ಪಾಗಿದೆಯಮ್ಮ,” ಎಂದರು. “ನಿನ್ನ ಪಾಠಗಳು. ಏಳರಿಂದ ಹನ್ನೆರಡು. ನಾನೇ ಅಳಿಸಿಬಿಟ್ಟೆ. ಅಂಗಡಿಯಲ್ಲಿ ಕೇಳಿದೆ, ವಾಪಸ್ ಬರಲ್ಲವಂತೆ.”

ಅವಳ ಹೆಗಲಿನಿಂದ ಚೀಲ ಮೊಣಕೈಗೆ ಜಾರಿತು. “ಆರೂನಾ?” ಎಂದಳು. ಆಮೇಲೆ ಕುರ್ಚಿಯಲ್ಲಿ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅದರ ಜಿಪ್ಪನ್ನು ಎಳೆದಳು, ಮುಚ್ಚಿದಳು. “ಏಳು, ಎಂಟು ನನ್ನ ಹತ್ರ ಹಾಳೇಲಿ ಗೀಚಿದ್ದು ಇರಬೇಕು. ಬಸ್ಸಲ್ಲಿ ಬರೆದಿದ್ದು,” ಎಂದಳು, ತನಗೇ. ಮತ್ತೆ, “ಹೇಗಾಯ್ತು ಮಾವ?”

“ವಯಸ್ಸಾಯ್ತಲ್ಲಮ್ಮ.”

ಅವಳು ಅವರ ಮುಖ ನೋಡಿದಳು. ಅವರು ಎಂದೂ ವಯಸ್ಸಿನ ಹೆಸರು ಹೇಳಿದವರಲ್ಲ. ಕೈ ಚಾಚಿ ಗುಂಡಿ ಒತ್ತಿದಳು, ತಾನೇ ನೋಡೋಣ ಎಂಬಂತೆ. ಒತ್ತಿ, ಅಭ್ಯಾಸದ ಮೇಲೆ, ನೀರು ಕುಡಿಯಲು ಎದ್ದಳು. ಎರಡು ಹೆಜ್ಜೆ ಇಟ್ಟು ತಿರುಗಿದಳು. ಪರದೆಯ ಮೇಲೆ ಅಂಗಳ ಬಂದುಬಿಟ್ಟಿತ್ತು. ಪೆಟ್ಟಿಗೆ ನಿಶ್ಶಬ್ದವಾಗಿತ್ತು. ಅವಳು ಪರದೆ ನೋಡಿದಳು, ಮೇಜಿನ ಮೇಲಿದ್ದ ಹಳೆಯ ಡಿಸ್ಕು ನೋಡಿದಳು. ಅವರು ಕಿಟಕಿಯ ಕಡೆ ತಿರುಗಿಕೊಂಡರು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ, ಎದುರು ಮನೆಯ ನೀರಿನ ಕೊಳಾಯಿ ಬಿಟ್ಟರೆ.

“ಇದು ಇವತ್ತು ಬೇಗ ಬಂತು,” ಎಂದಳು ಅವಳು ನಿಧಾನವಾಗಿ. “ಮಾವ, ಇದು... ಇವತ್ತೇ ಬೇಗ ಬಂದಿದ್ದು.”

“ಇರಲಿ ಬಿಡು.”

“ಇಷ್ಟು ದಿನ ಹಳೇದೇ ಓಡ್ತಿತ್ತಾ?”

ಅವರು ಕಿಟಕಿಯ ಸರಳಿನ ಧೂಳನ್ನು ಬೆರಳಿನಿಂದ ಒರೆಸಿದರು. ಅವಳು ಮತ್ತೆ ಕೂತಳು. “ನಾನು ಬೇಗ ಬಂತು ಅಂದಿದ್ದಕ್ಕೆ ನೀವು ನಂಬಿದ್ರಿ,” ಎಂದಳು. ಅವಳ ದನಿ ಸಣ್ಣದಾಗಿತ್ತು. “ನೀವು ಗಡಿಯಾರ ಹಿಡ್ಕೊಂಡು ನಿಂತಿದ್ರಿ. ನಿಮ್ಮ ಮಗ ಬಾಗಿಲಲ್ಲಿ ನಗೋಕೆ ಕಾಯ್ತಿದ್ರು. ನಿಮ್ಮ ಮುಖ ನೋಡಿದೆ. ಬಾಯಿಂದ ಬಂದುಬಿಡ್ತು. ಆಮೇಲೆ ದಿನಾ ಅದನ್ನೇ ಹೇಳ್ಬೇಕಾಯ್ತು. ನಾನೇ ಅಳಿಸಿದ ಹಾಗಾಯ್ತಲ್ಲ ಮಾವ.”

“ಅಲ್ಲ,” ಎಂದರು ಅವರು, ಥಟ್ಟನೆ ತಿರುಗಿ. ಇಲಾಖೆಯ ದನಿ ಬಂದಿತ್ತು. “ಅಳೆಯೋದು ನನ್ನ ಕೆಲಸ. ನೀನು ಏನೇ ಹೇಳಿದರೂ ನಾನು ಅಳೀಬೇಕಿತ್ತು. ಅಳೀಲಿಲ್ಲ. ಯಾಕೆ ಗೊತ್ತಾ? ನೀನು ಹೇಳಿದ್ದು ಕೇಳೋಕೆ ಚೆನ್ನಾಗಿತ್ತು.” ಅಷ್ಟು ಹೇಳಿದ ಮೇಲೆ ಅವರಿಗೆ ತಮ್ಮ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ತಲೆ ತಗ್ಗಿಸಿ ಸ್ವಲ್ಪ ಅತ್ತಳು, ಬೇಗ ಮುಗಿಸಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, “ಇನ್ಮೇಲೆ ಹೇಳಲ್ಲ,” ಎಂದಳು.

“ಹಾಗಂತ ಹೇಳೋದನ್ನ ಪೂರ್ತಿ ಬಿಟ್ಟುಬಿಡಬೇಡ,” ಎಂದರು ಅವರು. ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಅಳುವಿನ ನಡುವೆಯೇ ನಗು ಬಂತು.

ಮುದ್ರಣಾಲಯದವರಿಗೆ ಫೋನು ಮಾಡಿದಳು. ಬುಧವಾರದವರೆಗೆ ಯಂತ್ರ ಖಾಲಿ ಇಡುತ್ತೇವೆ, ಅದಕ್ಕಿಂತ ಆಚೆ ಆಗಲ್ಲ ಎಂದರಂತೆ. ಚೀಲ ಸುರಿದರೆ ಹಾಜರಿ ಹಾಳೆಗಳ ಹಿಂಬದಿಯಲ್ಲಿ ಏಳನೇ ಪಾಠ ಪೂರ್ತಿ, ಎಂಟು ಅರ್ಧ ಸಿಕ್ಕಿತು. ಅವರು ಆ ಹಾಳೆಗಳನ್ನು ಸರದಿಯಲ್ಲಿ ಜೋಡಿಸಿ ಮೇಲೆ ಕನ್ನಡಕದ ಡಬ್ಬಿ ಇಟ್ಟರು. “ಮೊದಲು ತಕ್ಕಡಿ ಮುಗಿಸೋಣ ಮಾವ. ಅದು ನಿಮಗೆ ಬಾಯಿಪಾಠ,” ಎಂದಳು. ಅವರು ಹೇಳಿದರು, ಅವಳು ಬರೆದಳು. ತಕ್ಕಡಿಗೆ ಒಂದು ದಂಡಿಗೆ, ಎರಡು ತಟ್ಟೆ, ನಡುವೆ ಮುಳ್ಳು. ಬರೆದು ಓದಿ, “ಸರಿ ಇದೆಯಾ?” ಎಂದಳು. ಭಾನುವಾರ ಬರೆದದ್ದರಲ್ಲಿ ಮಗು ಎರಡೂ ಕೈ ಚಾಚಿ ತಾನೇ ತಕ್ಕಡಿಯಾಗಿ ನಿಲ್ಲುತ್ತಿತ್ತು. ಸಮ ಎನ್ನುವುದಕ್ಕೆ ಅವಳು ಅವತ್ತು ಒಂದು ವಾಕ್ಯ ಕಟ್ಟಿದ್ದಳು. ಅದು ಇಬ್ಬರಿಗೂ ನೆನಪಾಗಲಿಲ್ಲ. ಅವಳ ಕಣ್ಣು ಇನ್ನೂ ಕೆಂಪಗಿತ್ತು. ಚೆನ್ನಾಗಿದೆ ಎನ್ನಲು ಅವರ ಬಾಯಿ ತೆರೆಯಿತು.

“ಒಂಚೂರು ಕಡಿಮೆ,” ಎಂದರು.

ಅವಳು ಅಳಿಸಿದಳು. ಅಳಿಸಿ, ಕುರ್ಚಿ ತಿರುಗಿಸಿ, ಕಣ್ಣು ಮುಚ್ಚಿ, ಎರಡೂ ಕೈ ಮುಂದಕ್ಕೆ ಚಾಚಿ ಕೂತಳು. ಅವರು ಅವಳ ಬಲ ಅಂಗೈಯಲ್ಲಿ ಹಳೆಯ ಡಿಸ್ಕು ಇಟ್ಟರು. ಕೈ ಇಳಿಯಿತು. ಎಡ ಅಂಗೈಯಲ್ಲಿ ಮುಂಗೈ ಗಡಿಯಾರ ಬಿಚ್ಚಿ ಇಟ್ಟರು. ಸಾಲಲಿಲ್ಲ. ಕನ್ನಡಕದ ಡಬ್ಬಿ ಇಟ್ಟರು, ಜೇಬಿನ ಪುಸ್ತಕ ಇಟ್ಟರು. ಇನ್ನೂ ಸಾಲಲಿಲ್ಲ. ಶೋಕೇಸಿಗೆ ಹೋಗಿ ಮೂರು ಸ್ಕ್ರೂಗಳ ಡಬ್ಬಿ ತಂದು ಇಟ್ಟರು, ಸ್ಕ್ರೂಡ್ರೈವರನ್ನೂ ಇಟ್ಟರು. ಅವಳ ಕೈಗಳು ತೂಗಾಡಿ ನಿಂತವು.

“ಈಗ?”

“ಈಗ...” ಎಂದಳು ಅವಳು, ಕಣ್ಣು ಮುಚ್ಚಿಯೇ. “ಈಗ ಯಾವ ಕೈಯಲ್ಲಿ ಏನಿದೆ ಅಂತ ಮರೆತು ಹೋಗ್ತಿದೆ ಮಾವ.”

“ಅದೇ. ಅದನ್ನೇ ಬರಿ.”

“ಹೇಗೆ ಬರೀಲಿ, ಎರಡೂ ಕೈಲಿ ನಿಮ್ಮ ಸಂಸಾರ ಇದೆ. ನೀವೇ ಬರೀರಿ.”

ಅವರು ಹಿಂದೆ ಸರಿದರು. ಇನ್ನು ಈ ಯಂತ್ರವನ್ನು ಮುಟ್ಟುವುದಿಲ್ಲ ಎಂದು ಮೂರೂ ನಲವತ್ತಕ್ಕೆ ತಮಗೆ ತಾವೇ ಹೇಳಿಕೊಂಡಾಗಿತ್ತು. ಅವಳು ಕಣ್ಣು ತೆರೆಯಲಿಲ್ಲ. ಕೈಗಳನ್ನು ಹಾಗೆಯೇ ಹಿಡಿದು, ಕುರ್ಚಿಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿಕೊಂಡು ಜಾಗ ಬಿಟ್ಟಳು. “ಬೇಗ ಮಾವ, ಕೈ ನೋಯ್ತಿದೆ. ಬರೆದು ಎರಡು ಕಡೆ ಉಳಿಸಿ,” ಎಂದಳು.

ಅವರು ಗೋಡೆ ಪಕ್ಕದ ಸ್ಟೂಲನ್ನು ಎಳೆದುಕೊಂಡರು. ಕೂತರು. ಒಂದೇ ಬೆರಳು ನೀಡಿ, ಕೀಲಿಮಣೆಯಲ್ಲಿ ಮೊದಲ ಅಕ್ಷರ ಎಲ್ಲಿದೆಯೆಂದು ಹುಡುಕತೊಡಗಿದರು.